ನಾಲಿಗೆಗೆ ಹತ್ತದ ಮಣ್ಣು

ಬೆಳಿಗ್ಗೆಯಿಂದ ಇದು ಏಳನೆಯ ಸಲವೋ ಎಂಟನೆಯ ಸಲವೋ. ಎದುರಿಗೆ ಕುಳಿತ ಮುದುಕಿ ಕಿಟಕಿಯ ಕಡೆ ಮುಖ ತಿರುಗಿಸಿದ್ದೇ ತಡ, ಅಬ್ದುಲ ಸಮದ ಮಡಿಲಲ್ಲಿದ್ದ ಬಟ್ಟೆಚೀಲದೊಳಗೆ ಎರಡು ಬೆರಳು ಇಳಿಸಿದ, ಒಂದು ಚಿಟಿಕೆ ಮಣ್ಣು ತೆಗೆದ, ಕೆಮ್ಮು ಬಂದವನಂತೆ ಬಾಯಿಗೆ ಅಂಗೈ ಅಡ್ಡ ಹಿಡಿದು ನಾಲಿಗೆಯ ತುದಿಗೆ ಇಟ್ಟುಕೊಂಡ. ಕಣ್ಣು ಮುಚ್ಚಿದ. ಮಣ್ಣು ಹರಳು ಹರಳಾಗಿ ಹಲ್ಲಿಗೆ ಸಿಕ್ಕಿತು, ಎಂಜಲಲ್ಲಿ ನೆನೆದು ಕೆಸರಾಯಿತು, ಅಷ್ಟೇ. ಉಪ್ಪಿಲ್ಲ, ಚುರುಕಿಲ್ಲ. ಯಾ ಅಲ್ಲಾ, ಏನಾದರೂ ಒಂದು ಕೊಡು, ಕಹಿಯನ್ನಾದರೂ ಕೊಡು ಎಂದು ಒಳಗೇ ಬೇಡಿಕೊಂಡ. ಏನೂ ಬರಲಿಲ್ಲ. ಉಗುಳಲು ಜಾಗವಿಲ್ಲದ್ದರಿಂದ ನುಂಗಿದ. ಐವತ್ತೆಂಟು ವರ್ಷದ ಮನುಷ್ಯ, ಬೀದರಿನ ಓಣಿಯಲ್ಲಿ ಸಣ್ಣವರು ದೊಡ್ಡವರು ಎದ್ದು ನಿಂತು ಸಲಾಮು ಮಾಡುವ ಉಸ್ತಾದ, ಪರದೇಶದ ರೈಲಿನಲ್ಲಿ ಕದ್ದು ಮಣ್ಣು ತಿನ್ನುತ್ತ ಕೂತಿದ್ದಾನೆ. ಹೆಂಡತಿ ಮಹಮೂದಾ ನೋಡಿದ್ದರೆ, ಈ ವಯಸ್ಸಿನಲ್ಲಿ ಬಸುರಿಯ ಬಯಕೆಯೇ ಎಂದು ನಕ್ಕು ನಕ್ಕು ಸಾಯುತ್ತಿದ್ದಳು.

ತಾಷ್ಕೆಂಟಿನಿಂದ ಖೀವಾದವರೆಗೆ ಹದಿನೈದು ತಾಸಿನ ದಾರಿ. ಹೊರಟು ಏಳು ತಾಸಾಗಿತ್ತು. ವೀಸಾ ಬರುವುದು ತಡವಾಗಿ ಉಳಿದ ಕುಶಲಕರ್ಮಿಗಳೆಲ್ಲ ಒಂದು ದಿನ ಮೊದಲೇ ಹೋಗಿಬಿಟ್ಟಿದ್ದರು. ಇವನೊಬ್ಬನನ್ನು ಯಾರೋ ಸ್ಟೇಷನ್ನಿಗೆ ತಂದು, ರೈಲಿನ ಡಬ್ಬಿ ತೋರಿಸಿ, ಕೈ ಕುಲುಕಿ ಹೋಗಿದ್ದರು. ಖೀವಾದಲ್ಲಿ ದುಭಾಷಿ ಕಾಯುತ್ತಾನೆ. ಅಲ್ಲಿಯವರೆಗೆ ಮಾತಿಲ್ಲ. ಮಾತಿಲ್ಲದಿದ್ದರೆ ಮನುಷ್ಯ ಎಷ್ಟು ಬೇಗ ಪೆದ್ದನಾಗುತ್ತಾನೆ ಎಂಬುದು ಬೆಳಿಗ್ಗೆಯೇ ಗೊತ್ತಾಗಿತ್ತು. ಡಬ್ಬಿಯ ಉಸ್ತುವಾರಿ ಹೆಂಗಸು ಬಂದು ಅವನ ಚಪ್ಪಲಿಯನ್ನು ತೋರಿಸಿ ಏನೋ ಗದರಿದಳು. ಅವನು ಟಿಕೆಟ್ಟು ತೋರಿಸಿದ. ಆಕೆ ತಲೆ ಅಲ್ಲಾಡಿಸಿ ಮತ್ತೆ ಚಪ್ಪಲಿ ತೋರಿಸಿದಳು. ಅವನು ಪಾಸ್‌ಪೋರ್ಟು ತೆಗೆದ. ಕೊನೆಗೆ ಆಕೆಯೇ ಬಗ್ಗಿ ಚಪ್ಪಲಿಯನ್ನು ರತ್ನಗಂಬಳಿಯ ಮೇಲಿಂದ ಎತ್ತಿ ಸೀಟಿನ ಕೆಳಗೆ ಇಟ್ಟಳು. ಹೆಂಗಸೊಬ್ಬಳು ತನ್ನ ಚಪ್ಪಲಿ ಮುಟ್ಟಿದ್ದಕ್ಕೆ ಸಮದನ ಕಿವಿ ಬಿಸಿಯಾಯಿತು. ಕ್ಷಮಿಸಿ ಎನ್ನಲೂ ಮಾತಿರಲಿಲ್ಲ. ಹೊರಗೆ ಮರುಭೂಮಿ. ಒಂದು ಮರವಿಲ್ಲ, ಒಂದು ಗುಡ್ಡವಿಲ್ಲ, ತಾಸುಗಟ್ಟಲೆ ಅದೇ ಬೂದು ಪೊದೆ, ಅದೇ ತಂತಿಕಂಬ. ಬೀದರಿನಿಂದ ಭಾಲ್ಕಿಗೆ ಬಸ್ಸು ಒಂದು ತಾಸು ತಡೆದು ನಿಂತರೆ ಡ್ರೈವರನ ಏಳು ಪೀಳಿಗೆಯನ್ನು ಎತ್ತಿ ಆಡುವವನು ಇಲ್ಲಿ ತುಟಿ ಪಿಟಕ್ಕೆನ್ನದೆ ಕುಳಿತಿದ್ದ.

ತಲೆಯ ಮೇಲಿನ ಹಲಗೆಯಲ್ಲಿ ಅವನ ಪೆಟ್ಟಿಗೆ. ಅದರೊಳಗೆ ಹಳೆಯ ಶಾಲಿನಲ್ಲಿ ಸುತ್ತಿದ ತಟ್ಟೆ. ಸತುವು ತಾಮ್ರ ಕೂಡಿಸಿ ಎರಕ ಹೊಯ್ದ ತಟ್ಟೆ, ಅದರ ಮೇಲೆ ಬೆಳ್ಳಿತಂತಿ ಕೂಡಿಸಿ ಬಿಡಿಸಿದ ದ್ರಾಕ್ಷಿಬಳ್ಳಿ. ಉಜ್ಜಿ ನುಣುಪು ಮಾಡಿದ ಮೇಲೆ ತಟ್ಟೆಯೂ ಬೆಳ್ಳಗೆ, ಬೆಳ್ಳಿಯೂ ಬೆಳ್ಳಗೆ; ಬಳ್ಳಿ ಎಲ್ಲಿದೆ ಎಂದು ಕೂಡಿಸಿದವರಿಗೇ ಕಾಣುವುದಿಲ್ಲ. ಬೀದರಿನ ಕೋಟೆಯೊಳಗೆ ನೂರಾರು ವರ್ಷ ಬಿಸಿಲು ಮಳೆ ಕಾಣದ ಮಣ್ಣು ತಂದು, ನವಸಾಗರದ ಉಪ್ಪಿನ ಜತೆ ಕಲಸಿ, ತಟ್ಟೆಯನ್ನು ಬೆಚ್ಚಗೆ ಮಾಡಿ ಹಚ್ಚಿದರೆ ತಟ್ಟೆ ಕರ್ರಗಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಆಗ ಬಳ್ಳಿ ಕಣ್ಣಿಗೆ ಏಳುತ್ತದೆ. ನಾಳೆ ಹತ್ತು ಗಂಟೆಗೆ ಖೀವಾದ ಮೇಳದಲ್ಲಿ ದೇಶದೇಶದ ಜನರೆದುರು ಅವನು ಮಾಡಿ ತೋರಿಸಬೇಕಾದದ್ದು ಇದನ್ನೇ. ಮಣ್ಣು ಸರಿಯಿಲ್ಲದಿದ್ದರೆ ತಟ್ಟೆ ಬೂದಿ ಬಣ್ಣಕ್ಕೆ ತಿರುಗಿ ಕೂತುಬಿಡುತ್ತದೆ. ಸರಿಯಾದ ಮಣ್ಣು ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೂ ಗೊತ್ತಾಗುವುದಿಲ್ಲ, ನಾಲಿಗೆಗಷ್ಟೇ ಗೊತ್ತಾಗುತ್ತದೆ. ಕೈಗೆ ಯಾರು ಬೇಕಾದರೂ ಕೆಲಸ ಕಲಿಸಬಹುದು, ನಾಲಿಗೆಯನ್ನು ಖುದಾ ಕೊಡಬೇಕು ಎಂದು ಅಬ್ಬಾ ಹೇಳುತ್ತಿದ್ದರು. ಅಬ್ಬಾ ಮಣ್ಣನ್ನು ಬಾಯಿಗಿಟ್ಟುಕೊಂಡು ಗೋಡೆಗೆ ಒರಗಿ ಕಣ್ಣು ಮುಚ್ಚಿದರೆ ಓಣಿಯ ಬೇರೆ ಕಾರಖಾನೆಯವರು ಸಹ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆ ನಾಲಿಗೆ ಸಮದನಿಗೆ ಬಂದಿತ್ತು. ನಾಲ್ಕು ವರ್ಷದ ಹಿಂದೆ ಕೊರೋನಾ ಜ್ವರದಲ್ಲಿ ಹನ್ನೊಂದು ದಿನ ಮಲಗಿ ಎದ್ದಾಗ ಅದು ಹೋಗಿತ್ತು.

ಯಾರಿಗೂ ಹೇಳಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದ. ವಾಸನೆ ಅರ್ಧ ಮರಳಿತು, ರುಚಿ ಬರಲೇ ಇಲ್ಲ. ಮೊದಲು ಸಾರಿನಲ್ಲಿ ಉಪ್ಪು ಒಂದು ಕಲ್ಲು ಹೆಚ್ಚಾದರೂ ತಾಟು ಸರಿಸಿ ಏಳುತ್ತಿದ್ದವನು ಈಗ ಹಾಕಿದ್ದನ್ನು ಉಂಡು, ಚೆನ್ನಾಗಿದೆ ಎಂದು ಕೈ ತೊಳೆಯುತ್ತಿದ್ದ. ಜ್ವರ ಬಂದು ಹೋದ ಮೇಲೆ ಇವರ ಸ್ವಭಾವ ಎಷ್ಟು ಸುಧಾರಿಸಿತು ನೋಡಿ ಎಂದು ಮಹಮೂದಾ ನೆರೆಹೊರೆಗೆಲ್ಲ ಹೇಳಿಕೊಂಡು ಬಂದಳು. ಅದನ್ನು ಕೇಳಿದಾಗೆಲ್ಲ ಅವನಿಗೆ ಎದ್ದು ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಎನ್ನಿಸುತ್ತಿತ್ತು.

ಎದುರಿನ ಮುದುಕಿ ಈಗ ಗಂಟು ಬಿಚ್ಚುತ್ತಿದ್ದಳು. ತಲೆಗೆ ಹೂವಿನ ವಸ್ತ್ರ, ಬಾಯಲ್ಲಿ ಮೂರು ಬಂಗಾರದ ಹಲ್ಲು. ಬೆಳಿಗ್ಗೆ ಬಂದು ಕೂತವಳೇ ಎದೆಯ ಮೇಲೆ ಕೈಯಿಟ್ಟು, "ಹಿಂದಿಸ್ತಾನ್?" ಎಂದು ಕೇಳಿ, ಇವನು ಹೌದೆಂದು ತಲೆಯಾಡಿಸಿದ ಮೇಲೆ ದೊಡ್ಡದಾಗಿ ನಕ್ಕು ಸುಮ್ಮನಾಗಿದ್ದಳು. ಆಕೆ ಕುಳಿತ ಸೀಟಿನ ಮೇಲೆ ಅವನ ಕಣ್ಣು ಮತ್ತೆ ಮತ್ತೆ ಹೋಗುತ್ತಿತ್ತು. ಅದು ಅವನ ಶಿಷ್ಯೆ ಸಿದ್ದೇಶ್ವರಿಯ ಸೀಟು. ಆಗಬೇಕಾಗಿತ್ತು. ಹೋದ ಚಳಿಗಾಲದಲ್ಲಿ ಔರಾದಿನ ಪ್ರದರ್ಶನದಲ್ಲಿ ಇವನ ಮಳಿಗೆಯ ಮುಂದೆ ನಿಂತು ಹೂಜಿಯೊಂದನ್ನು ತಿರುಗಿಸಿ ನೋಡಿದ ಅಧಿಕಾರಿಯೊಬ್ಬರು, ಕಪ್ಪು ಎಂದರೆ ಇದು ಕಪ್ಪು, ಇದನ್ನು ಮಾಡಿದವರು ಯಾರು ಎಂದಿದ್ದರು. ಪಕ್ಕದಲ್ಲೇ ಸಿದ್ದೇಶ್ವರಿ ನಿಂತಿದ್ದಳು, ಉಗುರಿನ ಸಂದಿನಲ್ಲಿ ಇನ್ನೂ ಆ ಕಪ್ಪು ಇತ್ತು. ನಮ್ಮ ಕಾರಖಾನೆಯದು ಸಾಹೇಬರೆ ಎಂದ ಸಮದ. ಆಮೇಲೆ ಖೀವಾದ ಮೇಳದ ಅರ್ಜಿಯ ಹಾಳೆ ಬಂತು. ಉಸ್ತಾದರ ಹೆಸರು, ಸಹಾಯಕರ ಹೆಸರು. ಇಬ್ಬರಿಗೂ ಖರ್ಚು ಕೊಡುತ್ತೇವೆ, ನಿಮ್ಮ ಕೈಕೆಳಗಿನ ಒಬ್ಬರನ್ನು ಕರೆತನ್ನಿ ಎಂದರು. ಸಮದ ಎರಡನೆಯ ಸಾಲಿನಲ್ಲಿ ಬೇಡ ಎಂದು ಬರೆದ. ಆಕೆ ಬಂದರೆ ಜನರೆದುರು ಮಣ್ಣು ರುಚಿ ನೋಡುವುದು ಯಾರು? ಆಕೆ. ಆಗ ಇವನು ಯಾರು?

ಆಕೆ ಭಾಲ್ಕಿ ಕಡೆಯ ಮೆಹಕರದ ಹುಡುಗಿ, ಕುರಿ ಸಾಕುವವರ ಮನೆಯವಳು. ಮೂರು ವರ್ಷದ ಹಿಂದೆ ಸರಕಾರದ ಆರು ತಿಂಗಳ ತರಬೇತಿಗೆ ಹನ್ನೆರಡು ಮಂದಿ ಹುಡುಗಿಯರು ಬಂದಿದ್ದರು. ಭತ್ಯೆ ನಿಂತ ದಿನ ಹನ್ನೊಂದು ಮಂದಿ ಹೋದರು, ಈಕೆ ಉಳಿದಳು. ಬೀದರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ದಿನಾ ನಡೆದು ಬರುತ್ತಿದ್ದಳು. ಮೊದಲ ಸಲ ಕೋಟೆಯ ಕತ್ತಲೆ ಕೋಣೆಗೆ ಕರೆದೊಯ್ದಾಗ ಸಮದ ಮಣ್ಣು ಬಾಯಿಗಿಟ್ಟು, ಅಬ್ಬಾ ಮಾಡುತ್ತಿದ್ದಂತೆಯೇ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಬೆವರುತ್ತಿದ್ದ. ಏನು ಹೇಳುವುದು? ದಾರಿ ಕಾಣದೆ, "ನೀ ಹೇಳು ನೋಡಮು, ಪರೀಕ್ಷಾ ಅದ ನಿನಗ" ಎಂದುಬಿಟ್ಟ. ಆಕೆ ಹಿಂದೆ ಮುಂದೆ ನೋಡದೆ ನೆಕ್ಕಿ, "ಇದು ಬ್ಯಾಡ್ರಿ ಉಸ್ತಾದ, ಬರೇ ಮಣ್ಣದ. ಆ ಮೂಲ್ಯಾಗಿಂದು ನಾಲಿಗಿ ಹಿಡೀತದ್ರಿ" ಎಂದಳು. ಸಣ್ಣವಳಿದ್ದಾಗ ಕುರಿಗಳಿಗೆ ಉಪ್ಪುಪ್ಪಾದ ಸವಳು ಮಣ್ಣು ನೆಕ್ಕಿಸುವ ಜಾಗ ಹುಡುಕುತ್ತ ತಾನೂ ನೆಕ್ಕಿ ನೋಡುತ್ತಿದ್ದಳಂತೆ. ಅಂದಿನ ಮಣ್ಣಿನಿಂದ ಎದ್ದ ಕಪ್ಪು ಅಬ್ಬಾನ ಕಾಲದ ಕಪ್ಪು. "ಶಾಬಾಶ್ ಬೇಟಾ, ನಾನೂ ಅದೇ ಅನ್ನಾಂವ ಇದ್ದೆ" ಎಂದ ಸಮದ. ಆಮೇಲೆ ಮೂರು ವರ್ಷ ತಿಂಗಳಿಗೊಮ್ಮೆ ಇದೇ ಆಟ. ಅವನು ಮೊದಲು ಬಾಯಿಗಿಡುವುದು, ಗಂಭೀರವಾಗಿ ತಲೆದೂಗುವುದು, ನೀ ಹೇಳು ಎನ್ನುವುದು, ಆಕೆ ಹೇಳುವುದು, ಇವನು ಶಾಬಾಶ್ ಎನ್ನುವುದು. ಒಂದು ದಿನ ಮಧ್ಯಾಹ್ನ ಆಕೆ ಮನೆಯಿಂದ ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದಿಟ್ಟಳು. "ಹ್ಯಾಂಗ ಆಗ್ಯದ್ರಿ ಉಸ್ತಾದ?" ಎಂದಳು. "ವ್ಹಾ! ಉಪ್ಪು, ಹುಳಿ ಎಲ್ಲಾ ಬರೋಬರ್ ಬಿದ್ದದ" ಎಂದ. ಆಕೆ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಆಮೇಲೆ ತಲೆ ತಗ್ಗಿಸಿ ತನ್ನ ರೊಟ್ಟಿ ಮುರಿದಳು. ಆ ನೋಟವನ್ನು ಅವನು ಆಗ ಮರೆತಿದ್ದ. ಈಗ, ಈ ಕುಲುಕುವ ಡಬ್ಬಿಯಲ್ಲಿ, ಅದು ಯಾಕೆ ಎದ್ದು ಬಂತೋ ತಿಳಿಯಲಿಲ್ಲ.

ಹೊರಡುವ ಹಿಂದಿನ ದಿನ ಆಕೆಯ ಅಪ್ಪ ಹಣಮಂತಪ್ಪ ಬಂದಿದ್ದ. ಗಾಂಧಿ ಗಂಜಿನ ಪೇಟೆಯಲ್ಲಿ ಕುರಿಗಳಿಗೆ ಹಿಂಡಿ ಕೊಳ್ಳಲು ಬಂದವನು, ಚೀಲವನ್ನು ಹೆಗಲ ಮೇಲೆ ಹೊತ್ತುಕೊಂಡೇ ಕಾರಖಾನೆಯ ಬಾಗಿಲಲ್ಲಿ ನಿಂತ. ಕೂಡು ಅಂದರೆ ಕೂಡಲಿಲ್ಲ, ಚಹಾ ಬೇಡವೆಂದ.

"ಸಾಹೇಬ್ರ, ಒಂದ ಮಾತ ಕೇಳ್ತೇನಿ, ಸಿಟ್ಟ ಮಾಡ್ಕೋಬ್ಯಾಡ್ರಿ. ನಮ್ಮ ಹುಡುಗಿ ಕೆಲ್ಸ ಕಲತಾಳೇನ್ರಿ?"

ಸಮದ ತಟ್ಟೆಗೆ ಶಾಲು ಸುತ್ತುತ್ತಿದ್ದ. ಮೂಲೆಯಲ್ಲಿ ಸಿದ್ದೇಶ್ವರಿ ಅರದಿಂದ ಉಜ್ಜುವ ಸದ್ದು ಕೇಳುತ್ತಿತ್ತು.

"ಕಲತಿದ್ರ ಇರ್ಲಿ. ಆಕಿ ಅನ್ನ ಆಕಿ ತಿಂತಾಳ, ನಾ ಯಾಕ ಅಡ್ಡ ಬರ್ಲಿ? ಕಲತಿಲ್ಲಂದ್ರ ಕರಕೊಂಡು ಹೋಗ್ತೇನಿ. ಮೂರ ವರ್ಷ ಆತ್ರಿ. ಮೂರ ವರ್ಷದಾಗ ಕುರಿ ಮೊಮ್ಮಕ್ಕಳನ್ನ ನೋಡ್ತದ. ದೊಡ್ಡ ಮೇಳಕ್ಕ ಹೊಂಟೀರಿ ಅಂತ, ಆಕಿ ಹೆಸರು ಇಲ್ಲಂತ. ಅದಕ್ಕ ಕೇಳ್ಲಾಕತ್ತೀನಿ. ನೀವು ಹೇಳಿದ್ದೇ ಖರೇ."

ಅರದ ಸದ್ದು ನಿಂತಿತ್ತು. ಒಂದು ಮಾತು ಸಾಕಾಗಿತ್ತು. ಕಲಿತಿದ್ದಾಳೆ ಹಣಮಂತಪ್ಪ, ನನಗಿಂತ ಚೆನ್ನಾಗಿ ಕಲಿತಿದ್ದಾಳೆ. ಆ ಮಾತು ಗಂಟಲಿಗೆ ಬಂದಿತ್ತು ಕೂಡ. ಆದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ, ಹಾಗಾದರೆ ಯಾಕೆ ಕರೆದೊಯ್ಯುವುದಿಲ್ಲ ಎಂದು. "ಇನ್ನಾ ಕಲೀಲಾಕತ್ತಾಳ" ಎಂದ ಸಮದ, ತಲೆಯೆತ್ತದೆ. ಹಣಮಂತಪ್ಪ, "ಆತ್ರಿ" ಎಂದ. ಅಷ್ಟೇ. ಹಿಂಡಿಯ ಚೀಲ ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ಇಳಿದು ಹೋದ. ಸ್ವಲ್ಪ ಹೊತ್ತಿನ ಮೇಲೆ ಸಮದ ಮೂಲೆಯ ಕಡೆ ನೋಡಿದಾಗ ಸ್ಟೂಲು ಖಾಲಿಯಿತ್ತು. ಅರವನ್ನು ಎಣ್ಣೆಬಟ್ಟೆಯಿಂದ ಒರೆಸಿ ಸ್ಟೂಲಿನ ಮೇಲೆ ಇಟ್ಟು ಹೋಗಿದ್ದಳು. ದಿನಾ ಸಂಜೆ ಅದನ್ನು ಡಬ್ಬದಲ್ಲಿ ಹಾಕಿಡುವವಳು. ಮೇಳಕ್ಕೆ ಬೇಕಾದ ಮಣ್ಣು ಮರುದಿನ ಬೆಳಿಗ್ಗೆ ಕೂಡಿ ತರುವುದೆಂದು ಮಾತಾಗಿತ್ತು. ಬೆಳಿಗ್ಗೆ ಆಕೆ ಬರಲಿಲ್ಲ, ಇವನು ಫೋನು ಮಾಡಲಿಲ್ಲ. ಒಬ್ಬನೇ ಟಾರ್ಚು ಹಿಡಿದು ಕೋಟೆಗೆ ಹೋಗಿ, ಅಬ್ಬಾ ಅಗೆಯುತ್ತಿದ್ದ ಮೆಟ್ಟಿಲ ಕೆಳಗಿನ ಜಾಗದಲ್ಲಿ ಚೀಲ ತುಂಬಿಕೊಂಡ. ಬಣ್ಣ ಸರಿ ಕಂಡಿತು. ಅಬ್ಬಾನ ಜಾಗ, ಹುಸಿ ಹೋಗುವುದಿಲ್ಲ ಎಂದುಕೊಂಡ. ಹುಸಿ ಹೋಗುವುದಿಲ್ಲ ಎನ್ನುವವನು ವಿಮಾನದಲ್ಲಿ, ಹೋಟೆಲಿನಲ್ಲಿ, ಈ ರೈಲಿನಲ್ಲಿ ಯಾಕೆ ಅದನ್ನು ಬಾಯಿಗಿಡುತ್ತಲೇ ಇದ್ದಾನೆ?

ಮುದುಕಿ ವಸ್ತ್ರ ಹಾಸಿ ನಾನ್ ರೊಟ್ಟಿ ಮುರಿದಳು. ಸೌತೆಕಾಯಿ, ಎರಡು ಬೇಯಿಸಿದ ಮೊಟ್ಟೆ, ಆಮೇಲೆ ಲಿಂಬೆಗಾತ್ರದ ಬಿಳಿಯ ಗಟ್ಟಿ ಉಂಡೆಗಳು. ಅವನ ಮುಂದೆ ಸರಿಸಿ, ಎದೆಗೆ ಕೈಯೊತ್ತಿ, ತಿನ್ನು ಎಂದು ಸನ್ನೆ ಮಾಡಿದಳು. ಬೇಡವೆನ್ನಲು ಮರ್ಯಾದೆ ಬಿಡಲಿಲ್ಲ. ಒಂದು ಉಂಡೆ ಬಾಯಿಗಿಟ್ಟ. ಸುಣ್ಣದ ಹೆಂಟೆ ಕಡಿದ ಹಾಗೆ ಪುಡಿಪುಡಿಯಾಯಿತು. ಮೊಸರನ್ನು ಒಣಗಿಸಿ ಕಟ್ಟಿದ್ದಿರಬೇಕು. ಇನ್ನೊಂದು ತಿಂದ. ಮತ್ತೊಂದು. ಮುದುಕಿ ಮೊದಲು ನಗುತ್ತಿದ್ದವಳು ಬಾಯಿ ತೆರೆದು ನೋಡತೊಡಗಿದಳು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವನ ಮಣಿಕಟ್ಟು ಹಿಡಿದಳು. ತಾನೊಂದು ಚೂರು ಕಡಿದು, ಕಣ್ಣು ಕಿವುಚಿ, ಮುಖವೆಲ್ಲ ಹಿಂಡಿ, ನೀರಿನ ಬಾಟಲಿ ತೋರಿಸಿ, ಇದು ಉಪ್ಪು, ಬರೀ ಉಪ್ಪು, ಹೀಗೆ ತಿನ್ನುವುದೇ ಎನ್ನುವಂತೆ ಕೈಯಾಡಿಸಿದಳು. ಆಮೇಲೆ ಅವನ ಮುಖದಲ್ಲಿ ಏನು ಕಂಡಿತೋ, ತನ್ನ ನಾಲಿಗೆ ಚಾಚಿ, ಅದರ ಮೇಲೆ ಬೆರಳಿಟ್ಟು, ರುಚಿಯಿಲ್ಲವೇ ಎಂದು ಕೈ ತಿರುವಿದಳು.

ನಾಲ್ಕು ವರ್ಷದಲ್ಲಿ ಮನೆಯವರಿಗೆ ಸಿಗದವನು ಅರ್ಧ ದಿನದಲ್ಲಿ ಸಿಕ್ಕಿಬಿದ್ದ. ಸಮದನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ವಿಚಿತ್ರವಾದ ಹಗುರ. ಮಾತು ತಾನೇ ಹೊರಬಿತ್ತು. ತನ್ನ ಮನೆಮಾತಿನಲ್ಲಿ, ತಗ್ಗಿದ ದನಿಯಲ್ಲಿ, ಎಲ್ಲವನ್ನೂ ಹೇಳಿದ. ಜ್ವರ, ಅಬ್ಬಾನ ನಾಲಿಗೆ, ಹುಡುಗಿ, ಅರ್ಜಿ, ಹಿಂಡಿಯ ಚೀಲ. ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿದವು. ಮುದುಕಿ ತಲೆದೂಗಿದಳು, ನಾಲಿಗೆಯಿಂದ ಲೊಚಗುಟ್ಟಿದಳು, ಚೀಲದ ಮಣ್ಣನ್ನು ತೋರಿಸಿದಾಗ ಒಂದು ಚಿಟಿಕೆ ಹಣೆಗೆ ಒತ್ತಿಕೊಂಡಳು. ಊರಿನ ಮಣ್ಣು ಎಂದು ತಿಳಿದಳೋ ಯಾರದೋ ಗೋರಿಯ ಮಣ್ಣೆಂದು ತಿಳಿದಳೋ. ಸಮದನ ಮಾತು ಅಲ್ಲಿಗೇ ನಿಂತಿತು. ಈಕೆಗೆ ಒಂದಕ್ಷರ ತಿಳಿದಿಲ್ಲ. ತಿಳಿಯುವುದಿಲ್ಲ ಎಂದೇ ಇಷ್ಟು ಸಲೀಸಾಗಿ ಹೇಳಿದ್ದು. ಥೂ, ನಿನ್ನ ಜನ್ಮಕ್ಕಿಷ್ಟು, ಅಳುವುದಕ್ಕೂ ಅಗ್ಗದ ಜಾಗ ಹುಡುಕಿದೆಯಲ್ಲ ಎಂದು ತನ್ನನ್ನೇ ಬೈದುಕೊಂಡು ಮುಖ ಒರೆಸಿಕೊಂಡ.

ಒಂದು ತಾಸು ಹೋಗಿರಬೇಕು. ಬಾಯಾರಿಕೆ ಹತ್ತಿತು. ಎಂಥ ಬಾಯಾರಿಕೆ ಅಂದರೆ ಗಂಟಲು ಬಿರುಕು ಬಿಟ್ಟಂತಾಯಿತು. ತನ್ನ ಬಾಟಲಿ ಖಾಲಿ ಮಾಡಿದ, ಹೋಗಲಿಲ್ಲ. ನಾಲಿಗೆಗೆ ತಿಳಿಯದಿದ್ದರೇನು, ಉಪ್ಪು ಒಳಗೆ ಹೋಗಿ ತನ್ನ ಕೆಲಸ ನಡೆಸಿತ್ತು. ಉಪ್ಪು ತಿಂದವ ನೀರು ಕುಡಿಯಲೇಬೇಕು ಎಂದು ಊರಲ್ಲಿ ಮಾತುಮಾತಿಗೆ ಅನ್ನುತ್ತಾರೆ, ತಾನೂ ಕೂಲಿಯವರಿಗೆ ಎಷ್ಟು ಸಲ ಅಂದಿಲ್ಲ. ಪುಂಡಿಪಲ್ಯದ ದಿನದ ಆ ನೋಟ ಮತ್ತೆ ಬಂತು. ಈಗ ಅದು ಯಾಕೆ ಬಂತೆಂದು ತಿಳಿಯಿತು.

ಸಂಜೆ ಐದೂವರೆಗೆ ರೈಲು ಮರುಭೂಮಿಯ ನಡುವೆ ಒಂದು ಸ್ಟೇಷನ್ನಿನಲ್ಲಿ ನಿಂತಿತು. ಡಬ್ಬಿಯ ಹೆಂಗಸು ಹತ್ತು ಬೆರಳು ತೋರಿಸಿದಳು, ಹತ್ತು ಮಿನಿಟು. ಸಮದ ಕೆಳಗಿಳಿದ. ಖರಬೂಜ ಮಾರುವವರು, ಮೀನು ಮಾರುವವರು ಕೂಗುತ್ತಿದ್ದರು. ಫೋನಿನಲ್ಲಿ ಸಿಗ್ನಲ್ಲಿನ ಎರಡು ಗೆರೆ ಇದ್ದವು. ಯೋಚಿಸಿದರೆ ಮಾಡಲಾರೆನೆಂದು ಗೊತ್ತಿದ್ದರಿಂದ ಯೋಚಿಸದೆ ಒತ್ತಿದ.

"ಹಲೋ, ಉಸ್ತಾದ? ಮುಟ್ಟಿದ್ರೇನ್ರಿ?" ಹಿಂದೆ ಕುರಿಗಳ ಸದ್ದು ಕೇಳಿತು. ಒಂದೆರಡಲ್ಲ, ಹಿಂಡಿಗೆ ಹಿಂಡೇ.

"ಎಲ್ಲಿದ್ದಿ ಸಿದ್ದಿ?"

"ಮೆಹಕರದಾಗ್ರಿ. ನೀವು ಹ್ವಾದ ದಿನಾನೇ ಅಪ್ಪ ಕರಕೊಂಡು ಬಂದ. ಈಗ ಕುರಿ ಹೊಡಕೊಂಡು ಬಂದು ದೊಡ್ಡ್ಯಾಗ ಹಾಕ್ಲಾಕತ್ತೀವ್ರಿ."

ಆಗಿಹೋಗಿತ್ತು. ಸಮದ ಕಂಬಕ್ಕೆ ಕೈಕೊಟ್ಟು ನಿಂತ.

"ಸಿದ್ದಿ, ಬೇಟಾ, ನನಗ ರುಚಿ ಗೊತ್ತಾಗ್ಲಾರದು. ನಾಕ ವರ್ಷ ಆಯ್ತು."

ಕುರಿಯೊಂದು ಹತ್ತಿರದಲ್ಲೇ ಅರಚಿತು. ಆಮೇಲೆ ಆಕೆ ಮೆಲ್ಲಗೆ, "ಗೊತ್ತದ್ರಿ" ಎಂದಳು. "ಪುಂಡಿಪಲ್ಯ ತಂದಿದ್ದೆ ನೆಪ್ಪದೇನ್ರಿ? ಅದಕ್ಕ ಉಪ್ಪ ಹಾಕಿದ್ದಿಲ್ರಿ. ಬೇಕಂತನ ಹಾಕಿದ್ದಿಲ್ಲ."

"ಮತ್ತ ಯಾಕ ಸುಮ್ಮನಿದ್ದಿ?"

"ನೀವೇ ಹೇಳ್ತೀರಿ ಅಂತ್ರಿ. ಇವತ್ತ ಹೇಳ್ತಾರ, ನಾಳಿ ಹೇಳ್ತಾರ ಅಂತ ಕಾದೆ. ನಾ ಕೇಳಿದ್ರ ನಿಮ್ಮ ಮಾರಿ ಸಣ್ಣದಾಗ್ತದ ಅಂತ ಸುಮ್ಮನಿದ್ದೆ. ನನ್ನ ಮಾರಿ ಬಗ್ಗಿ ನೀವು ವಿಚಾರ ಮಾಡ್ಲಿಲ್ಲ." ಆಕೆಯ ದನಿ ಏರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

"ನಾಳಿ ಇಲ್ಲಿ ಎಲ್ಲಾರ ಮುಂದ ಹೇಳ್ತೇನಿ, ಬೇಟಾ. ಈ ಕೆಲಸ ನನ್ನದಲ್ಲ, ಆಕಿದು ಅಂತ ಹೇಳ್ತೇನಿ. ಖುದಾನ ಆಣಿ."

"ಅಲ್ಲಿ ಹೇಳಿ ಏನ್ ಮಾಡ್ತೀರಿ ಉಸ್ತಾದ? ಅಲ್ಲಿ ನನಗ ಯಾರ ಬಲ್ಲರು? ಹೇಳೋರಿದ್ರ ಇಲ್ಲಿ ಹೇಳ್ರಿ. ಅಪ್ಪ ಬಾಜೂಕ ನಿಂತಾನ."

ಅವನು ಹೂಂ ಎನ್ನುವ ಮೊದಲೇ ಫೋನು ಕೈ ಬದಲಾಯಿಸಿತ್ತು.

"ನಮಸ್ಕಾರ್ರಿ ಸಾಹೇಬ್ರ. ಹೇಳ್ರಿ."

"ಹಣಮಂತಪ್ಪ, ಅವತ್ತ ನಿಮಗ ಸುಳ್ಳ ಹೇಳಿದೆ. ನಿಮ್ಮ ಹುಡುಗಿ ಪೂರಾ ಕಲತಾಳ. ಮೂರ ವರ್ಷದಿಂದ ಮಣ್ಣ ಆರಿಸಾಕಿ ಆಕಿ, ಕಪ್ಪ ಮಾಡಾಕಿ ಆಕಿ. ನನ್ನ ನಾಲಿಗಿ ಸತ್ತದ. ಆಕಿ ನಾಲಿಗಿ ಮ್ಯಾಲ ನಾ ಉಸ್ತಾದ ಅನ್ನಿಸ್ಕೊಂಡು ತಿರಗ್ಯಾಡೀನಿ."

"ಮತ್ತ ಅವತ್ತ ಯಾಕ ಹಂಗ ಅಂದ್ರಿ?"

"ಅಂಜಿಕಿ. ಹೊಟ್ಟಿಕಿಚ್ಚ." ಇದಕ್ಕಿಂತ ಒಳ್ಳೆಯ ಪದ ಹುಡುಕಲು ಸಮಯವಿರಲಿಲ್ಲ, ಹುಡುಕಿದರೂ ಸಿಗುತ್ತಿರಲಿಲ್ಲ.

ಹಣಮಂತಪ್ಪ ದೊಡ್ಡಿಯ ಬಾಗಿಲು ಎಳೆದ ಸದ್ದು ಕೇಳಿತು.

"ಸಾಹೇಬ್ರ, ನಾವು ಕುರಿ ಕಾಯೋ ಮಂದಿ. ನಮ್ಮ ಕುರಿ ಯಾರ ಹಿಂಡಿನಾಗ ಹೊಕ್ಕರೂ ಕಿವಿ ನೋಡಿ ತೆಗೀತೇವಿ. ಕಿವಿಗಿ ಎರಡ ಗೀಟ ಇದ್ರ ಅದು ಹಣಮಂತಪ್ಪಂದು ಅಂತ ಭಾಲ್ಕಿ ಸಂತಿತನಾ ಗೊತ್ತದ. ಬಾಯಿ ಮಾತಿಲೆ ಯಾರೂ ಕುರಿ ಬಿಡಲ್ರಿ. ನಿಮ್ಮ ಸಾಮಾನ ನೋಡೀನಿ, ತಳದಾಗ ನಿಮ್ಮ ಗುರ್ತ ಇರ್ತದ. ನಮ್ಮ ಹುಡುಗಿ ಗುರ್ತ ಎಲ್ಲದರಿ?"

ಡಬ್ಬಿಯ ಹೆಂಗಸು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಸಮದ ಫೋನು ಕಿವಿಗಿಟ್ಟುಕೊಂಡೇ ಮೆಟ್ಟಿಲು ಹತ್ತಿದ.

"ಇಲ್ಲ, ಹಣಮಂತಪ್ಪ. ಹಾಕಿಲ್ಲ."

"ನೋಡ್ರಿ ಮತ್ತ" ಎಂದ ಹಣಮಂತಪ್ಪ. ಅದರಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. ಫೋನು ಮತ್ತೆ ಸಿದ್ದೇಶ್ವರಿಯ ಕೈಗೆ ಹೋಯಿತು. ರೈಲು ಅಲುಗಿತು.

"ಉಸ್ತಾದ, ಮಣ್ಣ ಎಲ್ಲಿಂದು ಒಯ್ದೀರಿ?"

"ಅಬ್ಬಾನ ಜಾಗಾದ್ದು. ಮೆಟ್ಟಲ ಕೆಳಗಿಂದು."

"ಅಯ್ಯ ನಮ್ಮವ್ವ! ಅಲ್ಲಿ ಹ್ವಾದ ಮಳಿಗಾಲದಾಗ ಮ್ಯಾಲಿನ ಕಲ್ಲ ಕಳಚಿ ನೀರ ಇಳದದ್ರಿ. ತೊಳದು ಹೋಗ್ಯದ. ಅದನ್ನ ಬಿಟ್ಟು ಒಂದ ವರ್ಷ ಆತಲ್ರಿ, ನಾ ಆ ಕಡಿ ಒಯ್ಯೋದೇ ಇಲ್ಲ, ನೀವು ನೋಡಿಲ್ಲೇನ್ರಿ? ಕರ್ರಗ ಆಗಲ್ರಿ ಅದು. ಹಚ್ಚಬ್ಯಾಡ್ರಿ, ತಾಟ ಕೆಡ್ತದ. ಬೆಳ್ಳಗೇ ಇರ್ಲಿ, ತಿರುಗಿ..." ಅಲ್ಲಿಗೆ ದನಿ ಹರಿಯಿತು. ಗೆರೆಗಳು ಹೋದವು.

ನೋಡಿರಲಿಲ್ಲ. ಆಕೆಯ ಹಿಂದೆ ಹಿಂದೆ ಟಾರ್ಚು ಹಿಡಿದು ನಡೆದವನು ಯಾವ ದಿಕ್ಕಿಗೆ ನಡೆದೆನೆಂದೂ ನೋಡಿರಲಿಲ್ಲ. ಸಮದ ಸೀಟಿಗೆ ಬಂದು ಕುಳಿತ. ನಾಳೆ ಹತ್ತು ಗಂಟೆಗೆ ದೇಶದೇಶದ ಜನ ಸುತ್ತ ನಿಲ್ಲುತ್ತಾರೆ, ಅವನ ಹತ್ತಿರ ತೋರಿಸಲು ಬೆಳ್ಳಗಿನ ತಟ್ಟೆ ಬಿಟ್ಟರೆ ಏನೂ ಇರುವುದಿಲ್ಲ. ಇದನ್ನು ಎಬ್ಬಿಸುವವಳು ಇಲ್ಲಿಲ್ಲ, ನಾನೇ ಬಿಟ್ಟು ಬಂದೆ ಎನ್ನಬೇಕು. ನಗುತ್ತಾರೆ, ನಗಲಿ. ಅವರು ನಗುವುದು ಅಂಥ ದೊಡ್ಡ ಮಾತಲ್ಲ ಎಂದು ಈಗ ತಿಳಿದಿತ್ತು. ತಿರುಗಿ ಹೋಗಿ ಮನೆಗೂ ಹೋಗದೆ ಭಾಲ್ಕಿಯ ಬಸ್ಸು ಹಿಡಿದು, ಅಲ್ಲಿಂದ ಮೆಹಕರಕ್ಕೆ ನಡೆದು, ಆ ದೊಡ್ಡಿಯ ಬಾಗಿಲಲ್ಲಿ ಕೈಯಲ್ಲಿ ಏನು ಹಿಡಿದು ನಿಲ್ಲುವುದು, ಅದು ದೊಡ್ಡ ಮಾತು.

ಪೆಟ್ಟಿಗೆ ಇಳಿಸಿದ. ಶಾಲು ಬಿಚ್ಚಿ ತಟ್ಟೆಯನ್ನು ನಡುವಿನ ಮೇಜಿನ ಮೇಲೆ ಬೋರಲಾಗಿ ಇಟ್ಟ. ತಳದಲ್ಲಿ ಅಬ್ಬಾನ ಕಾಲದಿಂದ ಬಂದ ನಾಲ್ಕು ಎಸಳಿನ ಹೂವು, ಅವನ ಗುರುತು, ಹೊರಡುವ ವಾರ ತಾನೇ ಕೆತ್ತಿದ್ದು. ಉಪಕರಣದ ಚೀಲದಿಂದ ಸಣ್ಣ ಉಳಿ, ಸುತ್ತಿಗೆ ತೆಗೆದ. ರೈಲು ಜೋರು ಹಿಡಿದಿತ್ತು, ತಟ್ಟೆ ಮೇಜಿನ ಮೇಲೆ ಜಾರುತ್ತಿತ್ತು. ಮುದುಕಿ ಒಂದು ಕ್ಷಣ ನೋಡಿ, ಏನೂ ಕೇಳದೆ, ಎರಡೂ ಕೈಯಿಂದ ತಟ್ಟೆಯ ಅಂಚು ಒತ್ತಿ ಹಿಡಿದಳು. ಸಮದ ಹೂವಿನ ಪಕ್ಕದಲ್ಲಿ ಒಂದು ಗೀಟು ಹೊಡೆದ. ಅದರ ಪಕ್ಕದಲ್ಲಿ ಇನ್ನೊಂದು. ಎರಡನೆಯದು ಹೊಡೆಯುವಾಗ ಡಬ್ಬಿ ಕುಲುಕಿ ಉಳಿ ಸರಿಯಿತು, ಗೀಟು ಸ್ವಲ್ಪ ವಾರೆಯಾಯಿತು. ನಲವತ್ತು ವರ್ಷದಲ್ಲಿ ಅವನ ಉಳಿ ಹೀಗೆ ಜಾರಿದ್ದು ಇಲ್ಲ. ತಿದ್ದಲು ಹೋಗಲಿಲ್ಲ. ಬೆರಳಿನಿಂದ ಸವರಿ ನೋಡಿದ, ಎರಡು ಗೀಟೂ ಬೆರಳಿಗೆ ಹತ್ತಿದವು.

ಗಂಟಲು ಇನ್ನೂ ಒಣಗಿತ್ತು. ಮುದುಕಿ ತನ್ನ ನೀರಿನ ಬಾಟಲಿ ಅವನ ಕಡೆ ಸರಿಸಿದಳು. ಸಮದ ಎರಡೂ ಕೈಯಲ್ಲಿ ತೆಗೆದುಕೊಂಡು ಕುಡಿದ.